ಶ್ರೀನಾಥ್ ಎಸೆದ ಆ ಒಂದು ಓವರ್

ಹಾಸನ
7 ಫೆಬ್ರುವರಿ 2024, ಬುಧವಾರ

ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಊರಿಗೆ ಫೋನ್ ಮಾಡಿದೆ. "ಇವತ್ತೇನು ವಿಶೇಷ, ನೆನಪಿದೆಯಾ ಅಪ್ಪ?" ಎಂದು ಕೇಳಿ ಮುಗಿಸುವ ಮೊದಲೇ, "ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ತೆಗೆದ ದಿನ. ಇಪ್ಪತ್ತೈದು ವರ್ಷವಾಯಿತು" ಎಂದರು. ಎಪ್ಪತ್ತೆಂಟರ ವಯಸ್ಸಿನಲ್ಲಿ ಮಾತ್ರೆ ನುಂಗುವುದು ಮರೆತುಹೋಗುತ್ತದೆ, ಇದು ಮರೆಯುವುದಿಲ್ಲ.

1999ರ ಆ ದಿನ ಭಾನುವಾರ. ಜಾವಗಲ್ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಅಟ್ಟದಿಂದ ಕೊಬ್ಬರಿ ಇಳಿಸಿ, ಜಗುಲಿಯಲ್ಲಿ ಗುಡ್ಡೆ ಹಾಕಿಕೊಂಡು ಒಡೆಯುತ್ತಿದ್ದೆವು. ಕರೆಂಟ್ ಹೋಗಿತ್ತು. ಟ್ರಾನ್ಸಿಸ್ಟರನ್ನು ಕಂಬದ ಮೊಳೆಗೆ ನೇತುಹಾಕಿದ್ದೆ. ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನಕ್ಕೆ 420 ರನ್ ಗುರಿ. ಸಯೀದ್ ಅನ್ವರ್ ಮತ್ತು ಆಫ್ರಿದಿ ಮೊದಲ ವಿಕೆಟ್‌ಗೆ 101 ಸೇರಿಸಿದಾಗ ಅಪ್ಪ ಮಾತು ನಿಲ್ಲಿಸಿದ್ದರು. ಹಿಂದಿನ ವಾರವಷ್ಟೇ ಚೆನ್ನೈಯಲ್ಲಿ 12 ರನ್‌ಗಳಿಂದ ಸೋತ ಗಾಯ ಇನ್ನೂ ಆರಿರಲಿಲ್ಲ. ಆಮೇಲೆ ಕುಂಬ್ಳೆ ಒಬ್ಬೊಬ್ಬರನ್ನೇ ಕಿತ್ತರು. 198ಕ್ಕೆ ಎಂಟನೆಯದು, ಅದೇ 198ಕ್ಕೆ ಒಂಬತ್ತನೆಯದು.

ಮುಂದಿನ ಓವರ್ ಶ್ರೀನಾಥ್ ಅವರದು. ಉಳಿದ ಆ ಒಂದು ವಿಕೆಟ್ ಅವರಿಗೆ ಸಿಕ್ಕರೆ ಕುಂಬ್ಳೆಗೆ ಹತ್ತು ತಪ್ಪಿಹೋಗುತ್ತಿತ್ತು. ಅಪ್ಪನ ಮಚ್ಚು ಎತ್ತಿದಲ್ಲೇ ನಿಂತಿತು, ಎಡಗೈಯಲ್ಲಿ ಅರ್ಧ ಒಡೆದ ಚಿಪ್ಪು. ನಮ್ಮ ಜಾವಗಲ್ ಹೆಸರು ಹೊತ್ತ ಬೌಲರ್ ವಿಕೆಟ್ ತೆಗೆಯದಿರಲಿ ಎಂದು ನಾವು ಬೇಡಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ. ಶ್ರೀನಾಥ್ ಚೆಂಡನ್ನು ಆಫ್ ಸ್ಟಂಪ್‌ನಿಂದ ಆಚೆ, ದೂರ, ಬ್ಯಾಟಿಗೆ ನಿಲುಕದಂತೆ ಎಸೆದರು. ವೈಡ್ ಆಯಿತು. ಓವರ್ ಮುಗಿಯಿತು. ಆಮೇಲೆ ಕುಂಬ್ಳೆಯ ಚೆಂಡಿಗೆ ಅಕ್ರಂ ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣ್‌ಗೆ ಕ್ಯಾಚ್ ಕೊಟ್ಟರು. 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ಈ ಅಂಕಿಗಳನ್ನು ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಲ್ಲಿಯವರೆಗೆ ಟೆಸ್ಟ್‌ನಲ್ಲಿ ಈ ಸಾಧನೆ ಮಾಡಿದ್ದವರು 1956ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಸ್ಟ್ರೇಲಿಯಾದ ಹತ್ತೂ ಜನರನ್ನು ಔಟ್ ಮಾಡಿದ ಇಂಗ್ಲೆಂಡ್‌ನ ಜಿಮ್ ಲೇಕರ್ ಒಬ್ಬರೇ.

ಸಂಜೆ ಮಗಳಿಗೆ ಮೊಬೈಲ್‌ನಲ್ಲಿ ಆ ಓವರ್ ತೋರಿಸಿದೆ. ಶಾಲೆಯ ತಂಡದಲ್ಲಿ ಬೌಲಿಂಗ್ ಮಾಡುವ ಹುಡುಗಿ. "ಬೇಕೆಂದೇ ವೈಡ್ ಹಾಕುವುದು ಸರಿಯಾ?" ಎಂದಳು. ಒಂದು ಗಳಿಗೆ ಯೋಚಿಸಿದೆ. ಪಂದ್ಯ ಕೈಗೆ ಬಂದಾಗಿತ್ತು, ಇನ್ನೂರಕ್ಕಿಂತ ಹೆಚ್ಚು ರನ್ ಬಾಕಿ ಇತ್ತು, ತಂಡಕ್ಕೆ ನಷ್ಟವಿರಲಿಲ್ಲ. ನಷ್ಟವಿದ್ದರೆ ಅದು ಶ್ರೀನಾಥ್ ಅವರಿಗೆ ಮಾತ್ರ. ಸ್ಟಂಪಿಗೆ ಗುರಿಯಿಟ್ಟೇ ಪಳಗಿದ ತೋಳು ಬೇಕೆಂದೇ ಗುರಿ ತಪ್ಪಿಸುವುದು ಸುಲಭವಲ್ಲ. ಬ್ಯಾಟ್ಸ್‌ಮನ್ ಬೀಸಿ ಅಂಚು ತಾಗಿಸಿಬಿಟ್ಟರೆ? ಸರಿ ಎಂದೇ ಹೇಳಿದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ನನಗೆ ಅದಕ್ಕಿಂತ ಸಂಕಟವಾಗುವುದು ಅದೇ ತಿಂಗಳ ಇನ್ನೊಂದು ಪಂದ್ಯ ನೆನಪಾದಾಗ. ಎರಡು ವಾರ ಕಳೆಯುವುದರೊಳಗೆ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಪಾಕಿಸ್ತಾನದ ವಿರುದ್ಧ ಶ್ರೀನಾಥ್ ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೆಯದರಲ್ಲಿ 86ಕ್ಕೆ 8 ವಿಕೆಟ್ ಪಡೆದರು. ಒಂದೇ ಟೆಸ್ಟ್‌ನಲ್ಲಿ ಹದಿಮೂರು! ಸಯೀದ್ ಅನ್ವರ್ ಔಟಾಗದೆ 188 ಹೊಡೆದರು, ಭಾರತ 46 ರನ್‌ಗಳಿಂದ ಸೋತಿತು. ಗೆದ್ದಿದ್ದರೆ ಆ ಹದಿಮೂರನ್ನೂ ಮಕ್ಕಳು ಕಂಠಪಾಠ ಮಾಡುತ್ತಿದ್ದರು. 2021ರಲ್ಲಿ ನ್ಯೂಜಿಲೆಂಡ್‌ನ ಎಜಾಜ್ ಪಟೇಲ್ ತಾನು ಹುಟ್ಟಿದ ಮುಂಬೈಯಲ್ಲೇ 119ಕ್ಕೆ 10 ವಿಕೆಟ್ ತೆಗೆದೂ ಪಂದ್ಯ ಸೋತಾಗ ನನಗೆ ಮೊದಲು ನೆನಪಾದದ್ದು ಈಡನ್‌ನ ಶ್ರೀನಾಥ್.

ಕೋಲ್ಕತ್ತದ ಆ ಕೊನೆಯ ದಿನ ಅಪ್ಪ ಟ್ರಾನ್ಸಿಸ್ಟರ್ ಆರಿಸಿ, ಏನೂ ಹೇಳದೆ, ಉಳಿದ ಕೊಬ್ಬರಿಯನ್ನು ಅರಸೀಕೆರೆ ಸಂತೆಯ ಚೀಲಕ್ಕೆ ತುಂಬತೊಡಗಿದ್ದರು. ಇವತ್ತು ಫೋನ್ ಇಡುವಾಗ ಕೇಳಿದರು: "ಮಗುವಿಗೆ ಹದಿಮೂರರ ಕಥೆಯನ್ನೂ ಹೇಳಿದ್ದೀಯಾ?"

ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ.