ಕಾಳಿ ಇಷ್ಟು ಮಣ್ಣು ತಂದರೂ ಸಮುದ್ರ ಏಕೆ ತುಂಬಲಿಲ್ಲ?

ಕಡಲ ತಳದಲ್ಲಿ ಹೂಳು ಸೇರುವ ಬಗೆಯನ್ನು ಗಣಿತದ ಮಾದರಿಗಳಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸವೆಂದು ಗೊತ್ತಾದ ಮೇಲೆ ಕಾರವಾರದಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಮಳೆಗಾಲದಲ್ಲಿ ಕಾಳಿ ನದಿಯ ಅಳಿವೆಯಿಂದಾಚೆಗೂ ನೀರು ಕೆಂಪಾಗುತ್ತದೆ, ಕೋಟಿ ವರ್ಷಗಳಿಂದ ಹೀಗೆ ಮಣ್ಣು ಬೀಳುತ್ತಿದ್ದರೆ ಸಮುದ್ರ ಇಷ್ಟರಲ್ಲಿ ತುಂಬಬೇಕಿತ್ತಲ್ಲವೇ?

ಅನುಮಾನ ನ್ಯಾಯವಾದದ್ದೇ. ಮಡಗಾಸ್ಕರ್ ಬೇರ್ಪಟ್ಟು ಭಾರತದ ಪಶ್ಚಿಮದ ಅಂಚು ರೂಪುಗೊಳ್ಳತೊಡಗಿ ಸುಮಾರು 8.8 ಕೋಟಿ ವರ್ಷಗಳಾದವು. ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಹೂಳು ನಿಂತಿತೆಂದು ಹಿಡಿದರೂ ಮೊತ್ತ 8.8 ಕಿಲೋಮೀಟರ್ ಆಗುತ್ತದೆ; ದಡದಿಂದ ಪಡುವಣಕ್ಕೆ ಹಬ್ಬಿದ ಖಂಡಾವರಣದ, ಅಂದರೆ ಖಂಡದ ಮುಳುಗಿದ ಅಂಚಿನ, ಮೇಲೆ ನೀರಿನ ಆಳವಾದರೋ 200 ಮೀಟರಿನೊಳಗೇ ಇದೆ.

ಈ ಗುಣಾಕಾರದಲ್ಲಿ ತಪ್ಪಿರುವುದು ತಳವು ಇದ್ದಲ್ಲೇ ಇರುತ್ತದೆಂಬ ಊಹೆಯಲ್ಲಿ. ಮೀನು ತುಂಬಿದಷ್ಟೂ ದೋಣಿ ನೀರಿಗಿಳಿಯುವಂತೆ, ಹೂಳಿನ ಭಾರಕ್ಕೆ ಭೂಚಿಪ್ಪು ತನ್ನ ಕೆಳಗಿನ, ಬಲು ನಿಧಾನವಾಗಿ ಹರಿಯಬಲ್ಲ ಬಿಸಿ ಬಂಡೆಯ ಪದರವಾದ ಮ್ಯಾಂಟಲ್‌ನೊಳಕ್ಕೆ ಕುಸಿಯುತ್ತದೆ. ಘನ ಮೀಟರಿಗೆ ನೀರು 1,030, ಹೂಳು 2,300, ಮ್ಯಾಂಟಲ್ 3,300 ಕಿಲೋಗ್ರಾಂ ತೂಗುತ್ತದೆಂದು ತೆಗೆದುಕೊಂಡರೆ, 100 ಮೀಟರ್ ಆಳದ ನೀರನ್ನು ತುಂಬಿಸಲು ಸುಮಾರು 230 ಮೀಟರ್ ಹೂಳು ಬೇಕು. ಚಿಪ್ಪು ಗಡುಸಾಗಿದ್ದರೆ ಭಾರವು ಅಕ್ಕಪಕ್ಕಕ್ಕೂ ಹಂಚಿಹೋಗಿ ಕುಸಿತ ಕಡಿಮೆಯಾಗುತ್ತದೆ. ಇದರ ಜೊತೆಗೆ, ಖಂಡ ಸೀಳುವಾಗ ತೆಳುವಾಗಿ ಬಿಸಿಯೇರಿದ ಚಿಪ್ಪು ಮುಂದೆ ತಣಿಯುತ್ತ ತಾನಾಗಿಯೇ ಇಳಿಯುತ್ತದೆ. ಭೂಭೌತವಿಜ್ಞಾನಿ ಡ್ಯಾನ್ ಮೆಕೆಂಜಿ 1978ರಲ್ಲಿ ಕೊಟ್ಟ ಸಮೀಕರಣಗಳಿಂದ ಆ ಇಳಿತವನ್ನು ಲೆಕ್ಕ ಹಾಕಬಹುದು. ಹೊಸ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ, ಮೇಲಿನ ಪದರಗಳು ಒತ್ತಿದಂತೆ ಅದು ಹಿಂಡಿಹೋಗಿ ತೆಳುವಾಗುವುದನ್ನೂ ಸೇರಿಸಬೇಕು.

ಹೂಳು ಎಲ್ಲಿಗೆ ಸಾಗುತ್ತದೆಂಬುದಕ್ಕೆ ನಾನು ಬಳಸುವ ನಿಯಮ ಸರಳವಾದದ್ದು: ಇಳಿಜಾರು ಹೆಚ್ಚಿದಷ್ಟೂ ಸಾಗಣೆ ಹೆಚ್ಚು. ಒಂದೊಂದು ಅಲೆಯನ್ನೂ ಹಿಡಿಯಲು ಹೊರಟವರ ಗಣಕಯಂತ್ರ ಲಕ್ಷ ವರ್ಷವನ್ನೂ ದಾಟುವುದಿಲ್ಲ. ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟು ಮಣ್ಣು ತಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಡೆಯುತ್ತದೆ, ಆದರೆ ಅದರ ಇಡೀ ಆಯುಷ್ಯ ನನ್ನ ಲೆಕ್ಕ ಒಮ್ಮೆಗೆ ದಾಟುವ ಕಾಲದ ಒಂದು ಹೆಜ್ಜೆಗೂ ಸಾಲದು.

ಸಮುದ್ರಮಟ್ಟದ ಏರಿಳಿತವೇ ನಿಜವಾದ ತೊಡಕು. ಸುಮಾರು 20,000 ವರ್ಷಗಳ ಹಿಂದೆ ಕಡಲು ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಅಂದಿನ ದಡ ಕೂರ್ಮಗಡ ದ್ವೀಪವನ್ನೂ ದಾಟಿ ಬಹುದೂರ ಪಡುವಣದಲ್ಲಿತ್ತು. ಪಶ್ಚಿಮ ಖಂಡಾವರಣದ ಹೊರ ಅಂಚಿನಲ್ಲಿ ಕೆಸರಿಗಿಂತ ಹೆಚ್ಚಾಗಿ ಸುಣ್ಣಾಂಶದ ಹಳೆಯ ಮರಳೇ ಸಿಗುವುದು ಆ ಕಾಲದ ಉಳಿಕೆ. ಮಟ್ಟ ಇಳಿದದ್ದರಿಂದಲೋ ನದಿಯ ಮಣ್ಣು ಹೆಚ್ಚಿದ್ದರಿಂದಲೋ, ಎರಡು ಬಗೆಯಲ್ಲೂ ಒಂದೇ ರೀತಿಯ ಪದರಗಳು ಮೂಡಬಲ್ಲವು. ಅವುಗಳಲ್ಲಿ ಯಾವುದು ನಡೆಯಿತೆಂಬುದನ್ನು ಮಾದರಿಯೊಂದೇ ಹೇಳಲಾರದು. ತಳವನ್ನು ಕೊರೆದು, ಪದರಗಳ ವಯಸ್ಸನ್ನು ಅಳೆದು, ಅದನ್ನು ಆ ಕಾಲದ ಸಮುದ್ರಮಟ್ಟದೊಡನೆ ಹೋಲಿಸಬೇಕಾಗುತ್ತದೆ.