ಉಣಕಲ್ ಹತ್ರ ಒಂದ್ ಸೈಕಲ್ ಮನಿ

ಹುಬ್ಬಳ್ಳಿಯ ಉಣಕಲ್ ಕಡೆ, ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ಸಿನ ಸ್ಟಾಪಿನ ಬಾಜೂಕ ಒಂದ್ ಸೈಕಲ್ ಮನಿ ಡಿಸೈನ್ ಮಾಡಾಕತ್ತೀನಿ. ಯಾರೂ ಮಾಡ್ರಿ ಅಂದಿಲ್ಲ, ರೊಕ್ಕಾನೂ ಯಾರೂ ಕೊಡಂಗಿಲ್ಲ, ಆಫೀಸ್ ಕೆಲಸ ಮುಗದ ಮ್ಯಾಲ ನನ್ನ ಹುಚ್ಚಿಗೆ. ಲೆಕ್ಕಾ ಇಷ್ಟ, ಹುಬ್ಬಳ್ಳಿಯಿಂದ ಧಾರವಾಡತನಕ ದಿನಾ ಯಾರೂ ತುಳಿಯಂಗಿಲ್ಲ, ಮನಿಯಿಂದ ಸ್ಟಾಪಿನತನಕ ಸೈಕಲ್, ಮುಂದ ಚಿಗರಿ. ಸೈಕಲ್ ನಿಲ್ಲಸಾಕ ಒಂದ್ ತಗಡಿನ ಶೆಡ್ ಸಾಕು ಖರೆ, ಆದ್ರ ತುಳದ್ ಬಂದಾಂವಗ ಬೆವರು ಆರೂ ಜಾಗಾ ಬೇಕಲ್ರಿ, ಅದಿಲ್ಲಂದ್ರ ಎಪ್ರಿಲ್ ತಿಂಗಳದಾಗ ಇಸ್ತ್ರಿ ಅಂಗಿ ಹಾಕ್ಕೊಂಡ್ ಸೈಕಲ್ ಯಾರ್ ಹತ್ತತಾರ.

ನಮ್ಮೂರು 15 ಡಿಗ್ರಿ ಅಕ್ಷಾಂಶದ ಮ್ಯಾಲ ಐತಿ, ಎಪ್ರಿಲ್ ಕಡೀಕ ಮಧ್ಯಾಹ್ನದ ಸೂರ್ಯಾ ಸೀದಾ ನೆತ್ತಿ ಮ್ಯಾಲ. ಹಂಗಾಗಿ ಗ್ವಾಡಿಗಿಂತ ಛತ್ತಿಂದ ದೊಡ್ಡ ಪ್ರಶ್ನೆ. ಎರಡ್ ಛತ್ತು ಹಾಕೀನಿ, ಮ್ಯಾಲಿಂದು ಸೋಲಾರ್ ಪ್ಯಾನಲ್ಲಿಂದು, ಕೆಳಗ ಹಂಚು, ನಡುವ ಗಾಳಿ ಹಾಯಾಕ ಸಂದಿ. ಹಳೇ ಮಾಳಿಗಿ ಮನ್ಯಾಗ ಬೆಳಕಿಂಡಿ ಇರ್ತಿತ್ತಲ್ಲ, ಬಿಸಿ ಗಾಳಿ ಮ್ಯಾಲೆ ಹೋಗಾಕ ಅಂಥಾದ್ದ ಒಂದ್ ಉದ್ದಕ ಬಿಟ್ಟೀನಿ. ಈಗಿನ ಕಾಂಪ್ಲೆಕ್ಸಿನವ್ರು ಪಶ್ಚಿಮಕ್ಕ ಮಾರಿ ಮಾಡಿ ಪೂರಾ ಗ್ಲಾಸ್ ಹಚ್ಚಿ ಒಳಗ ಎಸಿ ಓಡಸ್ತಾರ, ನೋಡಿದ್ರ ಸಿಟ್ಟ ಬರ್ತೈತಿ.

ಪಶ್ಚಿಮದ ಗ್ವಾಡಿ ಭಾಳ ತಲಿ ತಿಂತು. ಗಾಳಿ ಬರೂದೂ ಆ ಕಡಿಂದನ, ಜೂನ್ ಜುಲೈದಾಗ ಮಳಿ ಎರಚಲಾ ಹೊಡಿಯೂದೂ ಆ ಕಡಿಂದನ. ಗಾಳಿ ಬೇಕು, ನೀರ್ ಬ್ಯಾಡ. ಕಡೀಕ ಇಟ್ಟಂಗಿ ಜಾಳಿ ಕಟ್ಟಿ, ಅದರ ಹಿಂದ ನಾಕ್ ಫೂಟ್ ಓಣಿ ಬಿಟ್ಟೀನಿ, ಎರಚಲಾ ಅಲ್ಲೇ ಬಿದ್ದ ಗಟಾರಕ್ಕ ಹೋಗ್ತೈತಿ. ಅದ ಓಣ್ಯಾಗ ತೊಯ್ದ ರೇನ್‌ಕೋಟ್ ಹಾಕಾಕ ಗೂಟ, ಗಾಳಿಗೆ ಆರತಾವು.

ಇನ್ನ ಸ್ನಾನದ್ದು. ನೆದರ್ಲ್ಯಾಂಡ್ಸಿನ ಉಟ್ರೆಕ್ಟ್ ಸ್ಟೇಷನ್ ಕೆಳಗ 12,500 ಸೈಕಲ್ ನಿಲ್ಲೂ ಪಾರ್ಕಿಂಗ್ ಐತಿ, 2019ರಾಗ ಪೂರಾ ಚಾಲೂ ಆತು, ಫೋಟೋ ನೋಡಿದ್ರ ಹೊಟ್ಟಿ ಉರೀತೈತಿ, ಆದ್ರ ಅಲ್ಲಿ ಬೆವರಿನ ಚಿಂತಿ ಎಲ್ಲಿಂದು. ಇಲ್ಲಿ ಸೌದತ್ತಿ ಮಲಪ್ರಭಾದಿಂದ ನೀರ್ ಬರಬೇಕು, ಎಷ್ಟೋ ಓಣಿಗೆ ವಾರಗಟ್ಲೆ ನಳಾ ಬರೂದಿಲ್ಲ, ಅಂಥಾದ್ರಾಗ ಶಾವರ್ ಅಂದ್ರ ಮಂದಿ ಬೈತಾರ. ಛತ್ತಿನ ನೀರ್ ಹಿಡದ್ರ ಆತು, 400 ಚದರ ಮೀಟರ್ ಛತ್ತಿನ ಮ್ಯಾಲ 10 ಮಿಲಿಮೀಟರ್ ಮಳಿ ಬಿದ್ರ 4,000 ಲೀಟರ್. ಆದ್ರ ಬೆವರ್ ಬರೂದು ಬ್ಯಾಸಗ್ಯಾಗ, ಮಳಿ ಬರೂದು ಆಮ್ಯಾಲ! ಅದಕ್ಕ ಶಾವರ್ ತಗದ್ ಹಾಕಿ ಒಂದ್ ಬಕೀಟ್, ಒಂದ್ ಚರಿಗಿ, ಅಂಗಿ ಬದ್ಲಿ ಮಾಡಾಕ ಖೋಲಿ. ಸಾಕು.

ಒಂದ್ ಕಾರ್ ನಿಲ್ಲೂ ಜಾಗಾದಾಗ ಹತ್ ಸೈಕಲ್ ಹಿಡೀತಾವು, ಹಂಗಾಗಿ ಜಾಗಾದ್ದೇನ್ ತ್ರಾಸಿಲ್ಲ. ತ್ರಾಸ್ ಇರೂದು ಎರಿ ಮಣ್ಣಿಂದು, ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ, ಮ್ಯಾಲಿನ ಫರಸಿ ಎದ್ದ್ ಬರ್ತೈತಿ. ಪರಿಚಯದ ಗೌಂಡಿ ಕಾಕಾಗ ಡ್ರಾಯಿಂಗ್ ತೋರಸಿದ್ರ, "ತಮ್ಮಾ, ಎರಿ ಪೂರಾ ತಗದ್ ಗರಸು ತುಂಬು, ಇಲ್ಲಂದ್ರ ನಿನ್ನ ರ್‍ಯಾಂಪ್ ಒಂದ್ ಮಳಿಗಾಲ ತಡಿಯಂಗಿಲ್ಲ" ಅಂದ. ರ್‍ಯಾಂಪು 20 ಫೂಟಿಗೆ ಒಂದ್ ಫೂಟ್ ಏರೂ ಹಂಗ ಇಟ್ಟೀನಿ, ಇಳೀದನ ತುಳೀಬಹುದು.

ಬೈಕಿನವ್ರು ಒಳಗ ನುಗ್ಗೂದು ಹೆಂಗ್ ತಪ್ಪಸೂದು ಅನ್ನೂದೊಂದ ಉಳದೈತಿ. ಬೋರ್ಡ್ ಹಾಕಿದ್ರ ಯಾರ್ ಓದ್ತಾರ. ಸದ್ಯೇಕ ಬಾಗಲದಾಗ ಒಂದ್ ಚಹಾ ಅಂಗಡಿ ಬರದೀನಿ, ಚಹಾ ಮಾರಾಂವ ಬೈಯೂದರ ಮುಂದ ಸಿಸಿ ಕ್ಯಾಮೆರಾ ಏನೂ ಅಲ್ಲ.