ಅಮ್ಮನ ಮಂಡಿ, ಮಾವನ ಮಾತ್ರೆ ಮತ್ತು ಮುದಿ ಕೋಶಗಳು

ಹೋದ ತಿಂಗಳು ಸೋದರಮಾವ ಒಂದು ಮಾತ್ರೆ ಡಬ್ಬಿ ತಂದುಕೊಟ್ಟರು. ಅಮ್ಮನ ಮಂಡಿನೋವಿಗಂತೆ. ಮೇಲೆ ‘ಮುದಿ ಜೀವಕೋಶಗಳನ್ನು ತೆಗೆದುಹಾಕುತ್ತದೆ’ ಅಂತ ಬರೆದಿತ್ತು, ಒಳಗಿರುವುದು ಕ್ವೆರ್ಸೆಟಿನ್. ಈರುಳ್ಳಿಯಲ್ಲಿ ಇರುತ್ತಲ್ಲ, ಅದೇ. “ನೀನು ಬಯಾಲಜಿ ಓದಿದವನಲ್ವೇನೋ, ನೋಡಿ ಹೇಳು” ಅಂದರು. ಓದಿ ಎಷ್ಟೋ ವರ್ಷ ಆಯಿತು. ಆದರೂ ಕೂತು ನೋಡಿದೆ, ಮೂರು ರಾತ್ರಿ ಅದರಲ್ಲೇ ಕಳೆಯಿತು.

1961ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಇನ್‌ಸ್ಟಿಟ್ಯೂಟ್‌ನಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಒಂದು ವಿಷಯ ತೋರಿಸಿದ್ದರು. ಮನುಷ್ಯರ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುತ್ತಾ ಹೋದರೆ ಸುಮಾರು 50 ಸಲ ಒಂದು ಎರಡಾಗುತ್ತವೆ, ಆಮೇಲೆ ನಿಂತುಬಿಡುತ್ತವೆ. ನಿಲ್ಲುತ್ತವೆ ಅಷ್ಟೇ, ಸಾಯುವುದಿಲ್ಲ. ಇವನ್ನು ಸೆನೆಸೆಂಟ್ ಕೋಶ ಅನ್ನುತ್ತಾರೆ. ನಾನು ಮುದಿ ಕೋಶ ಅಂತಲೇ ಬರೆಯುತ್ತೇನೆ, ಆದರೆ ಆ ಹೆಸರು ಪೂರ್ತಿ ಸರಿಯಲ್ಲ. ಡಿಎನ್‌ಎಗೆ ಏಟು ಬಿದ್ದರೆ, ರೇಡಿಯೇಷನ್ ತಗುಲಿದರೆ, ಕ್ಯಾನ್ಸರ್ ತರುವ ಜೀನ್ ಒಂದು ಚಾಲೂ ಆದರೆ, ಎಳೆಯ ಕೋಶ ಕೂಡ ಹೀಗೇ ನಿಂತುಬಿಡುತ್ತದೆ. ನಿಮ್ಮ ಮೈಮೇಲಿನ ಮಚ್ಚೆ ನೋಡಿಕೊಳ್ಳಿ. ಎಷ್ಟೋ ಮಚ್ಚೆಗಳಲ್ಲಿ ಬಣ್ಣದ ಕೋಶಗಳಿಗೆ ಬಿರಾಫ್ ಅನ್ನುವ ಜೀನ್ ಕೆಟ್ಟಿರುತ್ತದೆ, ಚರ್ಮದ ಮೆಲನೋಮ ಕ್ಯಾನ್ಸರ್‌ನಲ್ಲಿ ಕೆಡುವುದೂ ಬಹಳ ಸಲ ಅದೇ ಜೀನ್. ಕೋಶಗಳು ಸ್ವಲ್ಪ ಹೆಚ್ಚಿದವು, ಬ್ರೇಕ್ ಬಿತ್ತು, ಹತ್ತಾರು ವರ್ಷ ಸುಮ್ನೆ ಕೂತವು. ಹಾಗಾಗಿ ಈ ನಿಲ್ಲುವಿಕೆ ನಮ್ಮನ್ನು ಕಾಯುವ ವ್ಯವಸ್ಥೆ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. ಅದು ಸುಳ್ಳೇನೂ ಅಲ್ಲ.

ಆದರೆ ಎಲ್ಲವೂ ಸುಮ್ನೆ ಕೂರುವುದಿಲ್ಲ. ಇದನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯ ಹೆಸರು ಅಮೆರಿಕದ ಜೂಡಿತ್ ಕ್ಯಾಂಪಿಸಿ. 2001ರಲ್ಲಿ ಅವರ ತಂಡ ಮುದಿ ಫೈಬ್ರೊಬ್ಲಾಸ್ಟ್‌ಗಳನ್ನು, ಅಂದರೆ ಅಂಗಾಂಶಕ್ಕೆ ಹಂದರ ಕಟ್ಟುವ ಕೋಶಗಳನ್ನು, ಕ್ಯಾನ್ಸರ್ ಅಂಚಿನಲ್ಲಿದ್ದ ಬೇರೆ ಕೋಶಗಳ ಪಕ್ಕ ಇಟ್ಟು ನೋಡಿತು. ಪಕ್ಕದವು ಜೋರಾಗಿ ಬೆಳೆದವು, ಇಲಿಗಳಲ್ಲಿ ಗಡ್ಡೆಯೂ ಕಟ್ಟಿತು. ಎಳೆಯ ಫೈಬ್ರೊಬ್ಲಾಸ್ಟ್ ಇಟ್ಟಾಗ ಹಾಗಾಗಲಿಲ್ಲ. ತಾನು ಕ್ಯಾನ್ಸರ್ ಆಗಬಾರದು ಅಂತ ನಿಂತ ಕೋಶ ಪಕ್ಕದ್ದನ್ನು ಕ್ಯಾನ್ಸರ್ ಕಡೆ ದೂಡುತ್ತದೆ, ಎಂಥ ವಿಚಿತ್ರ ಅಲ್ವಾ? 2008ರಲ್ಲಿ ಅದೇ ತಂಡ ಈ ಕೋಶಗಳು ಹೊರಬಿಡುವ ಸರಕಿಗೆ ಎಸ್‌ಎಎಸ್‌ಪಿ ಅಂತ ಹೆಸರಿಟ್ಟಿತು. ಅದರಲ್ಲಿ ಏನೇನಿದೆ ಅಂದರೆ, ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-6 ಮತ್ತು 8, ಕೋಶಗಳ ನಡುವಿನ ಕೊಲಾಜನ್ ಹಂದರವನ್ನು ಕತ್ತರಿಸುವ ಕಿಣ್ವಗಳು, ಹೊಸ ರಕ್ತನಾಳ ಬೆಳೆಸುವ ಅಂಶಗಳು. ಸಾಲದ್ದಕ್ಕೆ, ಈ ಸರಕು ತಾಗಿದ ಪಕ್ಕದ ಒಳ್ಳೆಯ ಕೋಶಗಳೂ ಮುದಿಯಾಗಬಹುದು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಅನ್ನುತ್ತೇವಲ್ಲ, ಹಾಗೆ.

ಹಾಗಾದರೆ ಇದನ್ನೆಲ್ಲ ದೇಹ ಯಾಕೆ ಇಟ್ಟುಕೊಂಡಿದೆ? ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. 2014ರಲ್ಲಿ ಇಲಿಗಳ ಚರ್ಮದಲ್ಲಿ ಗಾಯ ಮಾಡಿ, ಅಲ್ಲಿ ಹುಟ್ಟುವ ಮುದಿ ಕೋಶಗಳನ್ನು ತೆಗೆದು ನೋಡಿದರು. ಗಾಯ ಬೇಗ ಮಾಯಬೇಕಿತ್ತಲ್ಲವೇ, ಇಲ್ಲ, ನಿಧಾನವಾಯಿತು. ಆ ಕೋಶಗಳು ಬಿಡುವ ಪಿಡಿಜಿಎಫ್-ಎಎ ಅನ್ನುವ ಒಂದೇ ಪ್ರೋಟೀನನ್ನು ಗಾಯಕ್ಕೆ ಹಚ್ಚಿದಾಗ ಮತ್ತೆ ಸರಿಹೋಯಿತು. ಅಂದರೆ ಇದು ಕೂಗು. ಇಲ್ಲಿ ಏಟಾಗಿದೆ, ಬನ್ನಿ ಅಂತ ರಕ್ಷಣಾ ಕೋಶಗಳನ್ನು ಕರೆಯುವುದು. ಅವು ಬರುತ್ತವೆ, ರಿಪೇರಿ ನಡೆಯುತ್ತದೆ, ಕೂಗಿದ ಕೋಶವನ್ನೂ ತಿಂದು ಮುಗಿಸುತ್ತವೆ. ವಯಸ್ಸಾದಂತೆ ಈ ಕೊನೆಯ ಕೆಲಸ ಕುಂಟುತ್ತದೆ, ಮುದಿ ಕೋಶಗಳು ಉಳಿದು ಕೂಗುತ್ತಲೇ ಇರುತ್ತವೆ. ಜ್ವರ ಇಲ್ಲ, ಸೋಂಕಿಲ್ಲ, ಆದರೂ ಸಣ್ಣ ಉರಿಯಲ್ಲಿಟ್ಟ ಪಾತ್ರೆಯ ಹಾಗೆ ಮೈಯೊಳಗೆ ಉರಿಯೂತ. ಇಟಲಿಯ ಕ್ಲೌಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಈ ಸ್ಥಿತಿಗೆ ‘ಇನ್‌ಫ್ಲಮೇಜಿಂಗ್’ ಅಂತ ಹೆಸರಿಟ್ಟರು. ರಕ್ತನಾಳದ ಕೊಬ್ಬಿನ ಪೊರೆಯಲ್ಲಿ, ಗಟ್ಟಿಯಾದ ಶ್ವಾಸಕೋಶದಲ್ಲಿ, ಸವೆದ ಮಂಡಿಯಲ್ಲಿ ಈ ಕೋಶಗಳು ಸಿಕ್ಕಿವೆ.

ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಸಂಶೋಧಕರು 2011ರಲ್ಲಿ, ಬೇಗ ಮುಪ್ಪಾಗುವ ತಳಿಯ ಇಲಿಗಳಿಂದ ಈ ಕೋಶಗಳನ್ನು ತೆಗೆಯುವ ಉಪಾಯ ಮಾಡಿದರು. 2016ರಲ್ಲಿ ಮಾಮೂಲಿ ಇಲಿಗಳ ಮೇಲೂ ಮಾಡಿದಾಗ ಅವುಗಳ ಆಯಸ್ಸು ಸುಮಾರು ಶೇಕಡಾ 25ರಷ್ಟು ಹೆಚ್ಚಿತು, ಗಡ್ಡೆಗಳೂ ತಡವಾಗಿ ಬಂದವು. ಮಾವನ ಡಬ್ಬಿಯ ಬೇರು ಇಲ್ಲಿದೆ. 2015ರಲ್ಲಿ ಇಂಥ ಕೋಶಗಳನ್ನು ಕೊಲ್ಲಲು ಕ್ವೆರ್ಸೆಟಿನ್ ಜೊತೆ ದಾಸಾಟಿನಿಬ್ ಬಳಸಿದರು. ದಾಸಾಟಿನಿಬ್ ಅಂದರೆ ಲ್ಯುಕೇಮಿಯಾಕ್ಕೆ, ಅಂದರೆ ರಕ್ತದ ಕ್ಯಾನ್ಸರ್‌ಗೆ, ಕೊಡುವ ಔಷಧ, ಡಾಕ್ಟರ್ ಚೀಟಿ ಇಲ್ಲದೆ ಮುಟ್ಟುವಂಥದ್ದಲ್ಲ. ಡಬ್ಬಿಯವರು ಜೋಡಿಯಲ್ಲಿ ಅರ್ಧವನ್ನು ಮಾತ್ರ ಹಿಡಿದುಕೊಂಡು ವ್ಯಾಪಾರ ಶುರು ಮಾಡಿದ್ದಾರೆ!

ಮಂಡಿ ವಿಷಯಕ್ಕೂ ನೇರ ಉತ್ತರ ಸಿಕ್ಕಿತು. ಯೂನಿಟಿ ಬಯೋಟೆಕ್ನಾಲಜಿ ಅನ್ನುವ ಅಮೆರಿಕದ ಕಂಪನಿ ಮುದಿ ಕೋಶ ಕೊಲ್ಲುವ ಬೇರೊಂದು ಔಷಧವನ್ನು ಮಂಡಿಗೇ ಚುಚ್ಚಿ ನೋಡಿತ್ತು. ಇಲಿಗಳ ಮಂಡಿಯಲ್ಲಿ ಫಲಿತಾಂಶ ಚೆನ್ನಾಗಿತ್ತು. 2020ರಲ್ಲಿ ಮನುಷ್ಯರ ಎರಡನೇ ಹಂತದ ಪರೀಕ್ಷೆ ಮುಗಿದಾಗ, 12 ವಾರದ ನಂತರ, ಸುಳ್ಳು ಔಷಧ ಚುಚ್ಚಿಸಿಕೊಂಡವರಿಗಿಂತ ನೋವೇನೂ ಕಮ್ಮಿಯಾಗಿರಲಿಲ್ಲ. ಇಲಿ ಅಂದರೆ ಅಮ್ಮ ಅಲ್ಲವಲ್ಲ.

ನನಗನಿಸುವುದು, ಕೊಲ್ಲುವುದಕ್ಕಿಂತ ಯಾವಾಗ ಬಾಯಿ ಮುಚ್ಚಿಸಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ಗಾಯವಾದ ವಾರ ಮುಚ್ಚಿಸಿದರೆ ಗಾಯ ಮಾಯುವುದು ನಿಧಾನವಾಗುತ್ತದೆ. ಕೀಮೋ ಆದಮೇಲೆ ಮುಚ್ಚಿಸದಿದ್ದರೆ ಬೇರೆ ತೊಂದರೆ, ಯಾಕಂದರೆ ಕೀಮೋ ಔಷಧಗಳೇ ಇಂಥ ಕೋಶಗಳನ್ನು ಹುಟ್ಟಿಸುತ್ತವೆ. 2017ರಲ್ಲಿ ಕೀಮೋ ಕೊಟ್ಟ ಇಲಿಗಳಿಂದ ಅವನ್ನು ತೆಗೆದಾಗ ಸುಸ್ತೂ ಕಮ್ಮಿಯಾಯಿತು, ಕ್ಯಾನ್ಸರ್ ಮರಳುವುದೂ ಕಮ್ಮಿಯಾಯಿತು.

ಇದನ್ನೆಲ್ಲ ಮಾವನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅಂದ್ರೆ ಈರುಳ್ಳಿ ತಿಂದ್ರೂ ಆಗಲ್ಲ ಅನ್ನು” ಅಂದರು. ಅಮ್ಮ ಫಿಸಿಯೋ ಹೇಳಿಕೊಟ್ಟ ವ್ಯಾಯಾಮವನ್ನು ವಾರಕ್ಕೆ ಮೂರು ದಿನ ಮಾಡುತ್ತಾರೆ, ನಾಲ್ಕು ದಿನ ಮಾಡಿದೆ ಅನ್ನುತ್ತಾರೆ.